ಹೈಲಕ್ಸ್ ಆಟೋಮ್ಯಾಟಿಕ್‌ಗೆ ಹೊರಗಿನ ಅಲ್ಯೂಮಿನಿಯಂ ಗೇರ್‌ಬಾಕ್ಸ್ ಪ್ಯಾನ್ ಹಾಕಿಸುವುದು: ತಿಳಿದವರು ಹೇಳಿ

ಹೊಳಲ್ಕೆರೆ_ತೋಟ:

ಎಲ್ಲರಿಗೂ ನಮಸ್ಕಾರ. ನನ್ನದು 2022ರ ಟೊಯೋಟಾ ಹೈಲಕ್ಸ್ ಪಿಕಪ್, 2.8 ಡೀಸೆಲ್, 6 ಸ್ಪೀಡ್ ಆಟೋಮ್ಯಾಟಿಕ್. ಕಂಪನಿಯ 3 ವರ್ಷ ಅಥವಾ 1 ಲಕ್ಷ ಕಿ.ಮೀ. ವಾರಂಟಿ ಮುಗಿದಿದೆ, ಮುಂದುವರಿಸಿಲ್ಲ. ಗಾಡಿಗೆ ಕೆಲಸ ಜಾಸ್ತಿ. ಅಡಿಕೆ ಚೀಲ ಹಾಕಿಕೊಂಡು ಭೀಮಸಮುದ್ರಕ್ಕೆ ಹೋಗುತ್ತದೆ, ದಾವಣಗೆರೆಯಿಂದ ಗೊಬ್ಬರ, ಪೈಪು ತರುತ್ತದೆ. ಬೇಸಿಗೆಯಲ್ಲಿ ಹಿಂದೆ 500 ಲೀಟರ್ ಟ್ಯಾಂಕ್ ಇಟ್ಟು ಹೊಸ ಸಸಿಗಳಿಗೆ ನೀರು ಹೊಡೆಯುತ್ತೇವೆ. ಬೋರ್ ನೀರು ಕಡಿಮೆಯಾದಾಗ ಬೇರೆ ದಾರಿ ಇಲ್ಲ.

ಈ ನೀರಿನ ಕೆಲಸದಲ್ಲೇ ನನಗೆ ಭಯ. ತೋಟದೊಳಗೆ ನಡೆಯುವ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಕು, ನಿಲ್ಲಬೇಕು, ಮತ್ತೆ ಹೊರಡಬೇಕು, ರಿವರ್ಸ್ ಬರಬೇಕು. ಮಧ್ಯಾಹ್ನದ ಹೊತ್ತಿಗೆ ಗೇರ್‌ಬಾಕ್ಸ್ ಕೆಳಗಿನಿಂದ ಬರುವ ಬಿಸಿ ಪಕ್ಕದಲ್ಲಿ ನಿಂತವರಿಗೂ ತಾಗುತ್ತದೆ. ಡ್ಯಾಶ್‌ನಲ್ಲಿ ಇನ್ನೂ ಯಾವ ವಾರ್ನಿಂಗೂ ಬಂದಿಲ್ಲ.

ಅಕ್ಕನ ಮಗ ಪರ್ತ್‌ನಲ್ಲಿದ್ದಾನೆ. ಅಲ್ಲಿ ಇಂಥ ಗಾಡಿಗಳಿಗೆ ಗೇರ್‌ಬಾಕ್ಸ್ ಅಡಿಯಲ್ಲಿ ಎಣ್ಣೆ ನಿಲ್ಲುವ ತಗಡಿನ ಪ್ಯಾನ್ ತೆಗೆದು ಎರಕದ ಅಲ್ಯೂಮಿನಿಯಂ ಪ್ಯಾನ್ ಹಾಕಿಸುತ್ತಾರಂತೆ, ಊರಿಗೆ ಬರುವಾಗ ಒಂದು ತಂದುಕೊಟ್ಟ. ಆಳ ಜಾಸ್ತಿ, ಕೆಳಗೆ ಫಿನ್ ಇದೆ, ಎಣ್ಣೆ ಸುಮಾರು 2 ಲೀಟರ್ ಹೆಚ್ಚಿಗೆ ಹಿಡಿಯುತ್ತದೆ, ಟೆಂಪರೇಚರ್ ಸೆನ್ಸರ್ ಕೂರಿಸಲು ಪಕ್ಕದಲ್ಲಿ ಒಂದು ತೂತು. ಜೊತೆಗೆ ಉದ್ದದ ಬೋಲ್ಟ್‌ಗಳು, ರಬ್ಬರ್ ಪ್ಯಾಕಿಂಗ್ ಕೊಟ್ಟಿದ್ದಾರೆ.

ನಮ್ಮೂರ ಮೇಸ್ತ್ರಿ ನೋಡಿ, "ಅರ್ಧ ಗಂಟೆ ಕೆಲಸ ಅಣ್ಣ, ಚೇಂಬರ್ ಬಿಚ್ಚಿ ಇದಕ್ಕೆ ಅನಾಬಾಂಡ್ ಬಳಿದು ಟೈಟ್ ಮಾಡಿದರೆ ಮುಗೀತು" ಅಂದರು. ಚೇಂಬರ್ ಅಂದರೆ ಹಳೆಯ ಪ್ಯಾನ್, ಅನಾಬಾಂಡ್ ಅಂದರೆ ಸೋರದಂತೆ ಬಳಿಯುವ ಪೇಸ್ಟ್. ಒಳ್ಳೆಯ ಕೆಲಸಗಾರರು, ಬೊಲೆರೊ, ಟ್ರ್ಯಾಕ್ಟರ್ ಎಲ್ಲ ಅವರದೇ ಕೈ. ಆದರೆ ಆಟೋಮ್ಯಾಟಿಕ್ ಅವರಿಗೆ ಹೊಸದು. ಹಾಕಿಸಲಾ ಬೇಡವಾ? ಹಾಕಿಸುವುದಾದರೆ ಏನು ನೋಡಿಕೊಳ್ಳಬೇಕು? ಈ ಗೇರ್‌ಬಾಕ್ಸ್ ಕೆಟ್ಟರೆ ಬರುವ ಖರ್ಚು ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ.

ದುರ್ಗದ_ಗಾಳಿ:

ಅಣ್ಣ, ಪ್ಯಾನ್ ಪಕ್ಕಕ್ಕಿಡಿ. ಮೊದಲು ಬಿಸಿ ನಿಜವಾಗಿ ಎಷ್ಟಿದೆ ಅಂತ ಅಳೆಯಿರಿ. ಸ್ಟೇರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಚುಚ್ಚಿ, ಟೊಯೋಟಾದ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಟೆಂಪರೇಚರ್ ತೋರಿಸುವ ಆ್ಯಪ್ ಹಾಕಿಕೊಂಡರೆ ಗೇರ್‌ಬಾಕ್ಸ್ ಎಣ್ಣೆಯ ಶಾಖ ಫೋನ್‌ನಲ್ಲೇ ಕಾಣುತ್ತದೆ. 80ರಿಂದ 95 ಡಿಗ್ರಿ ಇದ್ದರೆ ಆರಾಮಾಗಿರಿ. ಏರಿನಲ್ಲಿ ಸ್ವಲ್ಪ ಹೊತ್ತು 105, 110 ಮುಟ್ಟಿದರೂ ಗಾಬರಿ ಬೇಡ. 120ರ ಮೇಲೆ ತುಂಬಾ ಹೊತ್ತು ನಿಂತರೆ ಎಣ್ಣೆ ಬೇಗ ಸುಟ್ಟುಹೋಗುತ್ತದೆ, ಸೀಲು ಗಟ್ಟಿಯಾಗುತ್ತದೆ. ಆಗ ಯೋಚನೆ ಮಾಡಬೇಕು.

ಈ ಬಿಸಿ ಹುಟ್ಟುವುದು ಟಾರ್ಕ್ ಕನ್ವರ್ಟರ್‌ನಲ್ಲಿ, ಅಂದರೆ ಎಂಜಿನ್‌ನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗದಲ್ಲಿ. ಹೈವೇಯಲ್ಲಿ ಓಡುವಾಗ ಒಳಗಿನ ಲಾಕಪ್ ಕ್ಲಚ್ ಹಿಡಿದುಕೊಳ್ಳುತ್ತದೆ, ಜಾರುವಿಕೆ ಇರುವುದಿಲ್ಲ, ಬಿಸಿಯೂ ಕಡಿಮೆ. ತೋಟದಲ್ಲಿ ಮೆತ್ತನೆ ಮಣ್ಣು, ಹಿಂದೆ ಅರ್ಧ ಟನ್ ನೀರು, ನಡೆಯುವ ವೇಗ. ಲಾಕಪ್ ಹಿಡಿಯುವುದೇ ಇಲ್ಲ. ಎಂಜಿನ್ ಕೊಡುವ ಶಕ್ತಿಯಲ್ಲಿ ದೊಡ್ಡ ಪಾಲು ಎಣ್ಣೆಯನ್ನು ಕಡೆಯುವುದರಲ್ಲೇ ಹೋಗುತ್ತದೆ, ಅದೆಲ್ಲ ಶಾಖವಾಗುತ್ತದೆ. ಆ ಶಾಖ ಹೊರಗೆ ಹಾಕುವುದು ಮುಂದಿರುವ ಕೂಲರ್‌ನ ಕೆಲಸ. ದೊಡ್ಡ ಪ್ಯಾನ್ ಹಾಕಿದರೆ ಎಣ್ಣೆ ಜಾಸ್ತಿ ಇರುವುದರಿಂದ ಬಿಸಿ ಏರುವುದು ನಿಧಾನವಾಗುತ್ತದೆ ಅಷ್ಟೇ. ಗಂಟೆಗಟ್ಟಲೆ ಅದೇ ಕೆಲಸ ಮಾಡಿದರೆ ಕೊನೆಗೆ ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಫಿನ್‌ಗಳಿಗೆ ಗಾಳಿ ಬೇಕಲ್ವಾ? ನಡೆಯುವ ವೇಗದಲ್ಲಿ ಅಡಿಯಲ್ಲಿ ಎಲ್ಲಿಯ ಗಾಳಿ?

ದುಡ್ಡಿಲ್ಲದ ಉಪಾಯ ನಿಮ್ಮ ಗಾಡಿಯಲ್ಲೇ ಇದೆ. ತೋಟದೊಳಗೆ ಫೋರ್ ಲೋ ಹಾಕಿ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ನಿಧಾನದ ಗೇರ್. ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ನಾಬ್ ತಿರುಗಿಸಿ. ಅದೇ ನಡಿಗೆಯ ವೇಗಕ್ಕೆ ಎಂಜಿನ್ ಹೆಚ್ಚು ತಿರುಗುತ್ತದೆ, ಕನ್ವರ್ಟರ್ ಮೇಲಿನ ಭಾರ ಇಳಿಯುತ್ತದೆ. ಮೆತ್ತನೆ ಮಣ್ಣಿನಲ್ಲಿ ಮಾತ್ರ, ಗಟ್ಟಿ ಟಾರ್ ರಸ್ತೆಗೆ ಬಂದ ಕೂಡಲೇ ತೆಗೆಯಿರಿ. ಒಣ ಟಾರ್ ಮೇಲೆ ಫೋರ್ ವೀಲ್‌ನಲ್ಲಿ ತಿರುಗಿಸಿದರೆ ಹಿಂದೆ ಮುಂದೆ ಆಕ್ಸಲ್‌ಗಳು ಒಂದಕ್ಕೊಂದು ಎಳೆದಾಡಿ ಬೇರೆ ತೊಂದರೆ ಬರುತ್ತದೆ.

ಇನ್ನೊಂದು, ಮುಂದಿನ ರೇಡಿಯೇಟರ್, ಕೂಲರ್ ಮಧ್ಯೆ ಟಾರ್ಚ್ ಬಿಟ್ಟು ನೋಡಿ. ನಮ್ಮ ಕಡೆ ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆ ಮೇಲೇ ಕಾಳು ಹರಡಿರುತ್ತಾರೆ, ಆ ಹೊಟ್ಟು ಹಾರಿ ಬಂದು ಫಿನ್‌ಗಳ ನಡುವೆ ಕೂತುಬಿಡುತ್ತದೆ. ಹೊರಗಿನಿಂದ ಸ್ವಚ್ಛ ಕಾಣುತ್ತದೆ, ಎರಡು ಪದರದ ಮಧ್ಯೆ ಚಾಪೆ ಹಾಸಿದಂತೆ ಇರುತ್ತದೆ. ಜೋರು ಪ್ರೆಷರ್ ಬೇಡ, ಫಿನ್ ಮಡಚಿಕೊಳ್ಳುತ್ತದೆ. ಮೆಲ್ಲಗೆ ಹಿಂದಿನಿಂದ ಮುಂದಕ್ಕೆ ನೀರು ಬಿಡಿ.

ಪಿಬಿ_ರೋಡ್_ಗ್ಯಾರೇಜ್:

ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಆದರೂ ಪ್ಯಾನ್ ಮನೆಗೆ ಬಂದಿದೆ, ವಾರಂಟಿ ಮುಗಿದಿದೆ, ಹೇಗಿದ್ದರೂ ಈ ಕೆಲಸಕ್ಕೆ ಎಣ್ಣೆ ಬದಲಿಸುವ ಹೊತ್ತು ಆಗಿದೆ. ಹಾಕಿಸಿ. ಆದರೆ ಅರ್ಧ ಗಂಟೆಯ ಕೆಲಸ ಅಂತ ಯಾರೂ ಹೇಳಬೇಡಿ. ಪ್ಯಾನ್ ಬಿಗಿಯುವುದು ಸುಲಭದ ಭಾಗ. ಎಣ್ಣೆಯ ಲೆವೆಲ್ ಕೂರಿಸುವುದೇ ನಿಜವಾದ ಕೆಲಸ, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಉಳಿಯುವುದು ಕೆಡುವುದು ಅಲ್ಲೇ.

ಈ ಬಾಕ್ಸ್‌ಗೆ ಡಿಪ್ ಸ್ಟಿಕ್ ಇಲ್ಲ. ಪ್ಯಾನ್‌ನಲ್ಲೇ ಒಂದು ಓವರ್‌ಫ್ಲೋ ಪ್ಲಗ್ ಇರುತ್ತದೆ, ಅದರ ಒಳಗೆ ಸಣ್ಣ ಕೊಳವೆಯೊಂದು ಮೇಲಕ್ಕೆ ನಿಂತಿರುತ್ತದೆ. ಪ್ಲಗ್ ಬಿಚ್ಚಿದಾಗ ಆ ಕೊಳವೆಯ ತುದಿಗಿಂತ ಮೇಲಿರುವ ಎಣ್ಣೆ ಮಾತ್ರ ಹೊರಗೆ ಬರುತ್ತದೆ. ಅಂದರೆ ಲೆವೆಲ್ ತೀರ್ಮಾನ ಮಾಡುವುದು ಆ ಕೊಳವೆಯ ಎತ್ತರ. ನಿಮ್ಮ ಹೊಸ ಪ್ಯಾನ್ ಆಳವಾಗಿದೆ. ಆಳ ಹೆಚ್ಚಾದಷ್ಟು ಕೊಳವೆಯೂ ಉದ್ದ ಇರಬೇಕು. ಹಳೆಯ ಗಿಡ್ಡ ಕೊಳವೆಯನ್ನೇ ತೆಗೆದು ಇದಕ್ಕೆ ಹಾಕಿದರೆ ಎಣ್ಣೆ ಕಮ್ಮಿ ನಿಲ್ಲುತ್ತದೆ, ಏರಿನಲ್ಲಿ ಪಂಪ್ ಗಾಳಿ ಎಳೆಯುತ್ತದೆ, ಕ್ಲಚ್ ಪ್ಲೇಟ್ ಸುಡುತ್ತದೆ.

ಅಳತೆ ಹೀಗೆ ಮಾಡಿ. ಹಳೆಯ ಪ್ಯಾನ್ ಬಿಚ್ಚಿದ ಮೇಲೆ ಅದರ ಬಾಯಿಯ ಅಂಚಿನ ಮೇಲೆ ಅಡ್ಡಲಾಗಿ ನೇರವಾದ ಪಟ್ಟಿ ಇಡಿ. ಪಟ್ಟಿಯಿಂದ ಕೊಳವೆಯ ತುದಿಗೆ ಎಷ್ಟು ಮಿಲಿಮೀಟರ್ ಅಂತ ಬರೆದುಕೊಳ್ಳಿ. ಹೊಸ ಪ್ಯಾನ್‌ಗೂ ಅದೇ ಅಳತೆ ಬರಬೇಕು. ತಳದಿಂದ ಅಳೆಯಬೇಡಿ, ಮೇಲಿನ ಅಂಚಿನಿಂದ ಅಳೆಯಿರಿ. ಎರಡೂ ಒಂದೇ ಬಂದರೆ ಮುಂದಕ್ಕೆ ಹೋಗಿ, ಇಲ್ಲದಿದ್ದರೆ ಪ್ಯಾನ್ ವಾಪಸ್ ಡಬ್ಬಿಗೆ.

ಆಮೇಲೆ ಅನಾಬಾಂಡ್. ಅದನ್ನು ದಯವಿಟ್ಟು ಹಚ್ಚಿಸಬೇಡಿ. ರಬ್ಬರ್ ಪ್ಯಾಕಿಂಗ್ ಒಣಗಿದ ಸ್ವಚ್ಛ ಮುಖಕ್ಕೆ ಹಾಗೇ ಕೂರಬೇಕು. ಪೇಸ್ಟ್ ಬಳಿದರೆ ಪ್ಯಾಕಿಂಗ್ ಜಾರಿ ಹೊರಗೆ ಬರುತ್ತದೆ. ಒಳಗಡೆ ಹಿಂಡಿಕೊಂಡು ಬಂದ ಚೂರು ಒಣಗಿ ಉದುರಿ, ಗೇರ್ ಬದಲಿಸಲು ಎಣ್ಣೆ ಹಾಯಿಸುವ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ಸಿಕ್ಕಿಕೊಂಡರೆ ಗೇರ್ ಬೀಳುವುದೇ ಕಷ್ಟ. ಹಳೆಯ ಪ್ಯಾಕಿಂಗ್ ಕೆರೆಯಲು ಸ್ಕ್ರೂಡ್ರೈವರ್ ಬಳಸಬಾರದು, ಕೇಸ್ ಅಲ್ಯೂಮಿನಿಯಂ, ಒಂದು ಗೀಟು ಬಿದ್ದರೂ ಅಲ್ಲಿಂದ ಜಿನುಗುತ್ತದೆ. ಪ್ಲಾಸ್ಟಿಕ್ ಪಟ್ಟಿ ಸಾಕು. ಒರೆಸಲು ದಾರ ಬಿಡುವ ಕಾಟನ್ ವೇಸ್ಟ್ ಕೂಡ ಬೇಡ.

ಹಳೆಯ ಪ್ಯಾನ್‌ನ ಒಳಗೆ ಸಣ್ಣ ಮ್ಯಾಗ್ನೆಟ್‌ಗಳಿರುತ್ತವೆ. ಬಹಳ ಕಡೆ ಅವು ಹಳೆಯ ಪ್ಯಾನ್ ಜೊತೆ ಗುಜರಿಗೆ ಹೋಗುತ್ತವೆ. ಬಿಡಿಸಿ ತೊಳೆದು ಹೊಸದಕ್ಕೆ ಹಾಕಿ, ಹೊಸದರಲ್ಲಿ ಮೊದಲೇ ಇದ್ದರೆ ಸರಿ. ತೊಳೆಯುವ ಮೊದಲು ಅವುಗಳನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣುಪು ಕೆಸರು ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಅಲ್ಲೇ ನಿಲ್ಲಿಸಿ, ಹೊಸ ಪ್ಯಾನ್‌ನಿಂದ ಆ ಕಾಯಿಲೆ ಹೋಗುವುದಿಲ್ಲ.

ಜಗಳೂರು_ರಸ್ತೆ:

ನನ್ನ ಮಾತು ಸ್ವಲ್ಪ ಬೇರೆ. ನಮ್ಮ ಜಿಲ್ಲೆಯ ಹೊಲದ ದಾರಿಗಳಲ್ಲಿ ಮಣ್ಣಿಗಿಂತ ಕಲ್ಲು ಜಾಸ್ತಿ. ತಗಡಿನ ಪ್ಯಾನ್‌ಗೆ ಕಲ್ಲು ಬಡಿದರೆ ತಗ್ಗು ಬೀಳುತ್ತದೆ, ಮನೆಗಂತೂ ಬರಬಹುದು. ಎರಕದ ಅಲ್ಯೂಮಿನಿಯಂಗೆ ಬಡಿದರೆ ಬಿರುಕು ಬಿಡುತ್ತದೆ, ಎಣ್ಣೆ ಎಲ್ಲ ನೆಲಕ್ಕೆ, ಗಾಡಿ ಅಲ್ಲೇ. ಜೊತೆಗೆ ಇದು ಆಳವಾಗಿ ಕೆಳಗೆ ಇಳಿದಿದೆ ಅಂತೀರಿ. ಹಾಕಿಸುವುದಾದರೆ ಅಡಿಯ ಸ್ಕಿಡ್ ಪ್ಲೇಟ್ ಮತ್ತೆ ಕೂರುತ್ತದಾ, ಪ್ಯಾನ್‌ಗೂ ಪ್ಲೇಟ್‌ಗೂ ನಡುವೆ ಒಂದು ಬೆರಳು ಜಾಗ ಉಳಿಯುತ್ತದಾ ನೋಡಿ. ಸ್ಕಿಡ್ ಪ್ಲೇಟ್ ಬಿಚ್ಚಿಟ್ಟು ಓಡಿಸುವ ಯೋಚನೆ ಇದ್ದರೆ ಹಾಕಿಸಲೇಬೇಡಿ. ಸೈಲೆನ್ಸರ್ ಪೈಪು ಪಕ್ಕದಲ್ಲೇ ಹಾದುಹೋಗುತ್ತದೆ, ಅದಕ್ಕೂ ಅಂತರ ಬೇಕು.

ಹರಿಹರ_ಲೇತ್:

ಬೋಲ್ಟ್ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ, ನಮ್ಮ ಅಂಗಡಿಗೆ ಥ್ರೆಡ್ ಹೋದ ಗೇರ್‌ಬಾಕ್ಸ್ ಕೇಸ್‌ಗಳು ಬರುವುದೇ ಈ ಕಾರಣಕ್ಕೆ, ಅದಕ್ಕೆ ಬರೆಯುತ್ತಿದ್ದೇನೆ.

ತಗಡಿನ ಪ್ಯಾನ್‌ನ ಅಂಚು ತೆಳು. ಎರಕದ ಪ್ಯಾನ್‌ನ ಅಂಚು ದಪ್ಪ. ಹಳೆಯ ಬೋಲ್ಟ್ ಹಾಕಿದರೆ ಕೇಸ್‌ನೊಳಗೆ ಎರಡು ಮೂರು ಸುತ್ತು ಮಾತ್ರ ಹಿಡಿಯುತ್ತದೆ, ಬಿಗಿ ಮಾಡಿದ ಕೂಡಲೇ ಥ್ರೆಡ್ ಕಿತ್ತುಕೊಂಡು ಬರುತ್ತದೆ. ಕಿಟ್‌ನ ಬೋಲ್ಟ್ ತೀರಾ ಉದ್ದ ಇದ್ದರೆ ತೂತಿನ ತಳಕ್ಕೆ ಬಡಿದು ನಿಲ್ಲುತ್ತದೆ, ಕೈಗೆ ಟೈಟ್ ಆದಂತೆ ಅನಿಸುತ್ತದೆ, ಪ್ಯಾನ್ ಮಾತ್ರ ಸಡಿಲ. ಆದ್ದರಿಂದ ಹಳೆಯ ಬೋಲ್ಟ್‌ನ ಉದ್ದದಿಂದ ಹಳೆಯ ಅಂಚಿನ ದಪ್ಪ ಕಳೆಯಿರಿ, ಹೊಸ ಬೋಲ್ಟ್‌ನ ಉದ್ದದಿಂದ ಹೊಸ ಅಂಚಿನ ದಪ್ಪ ಕಳೆಯಿರಿ. ಎರಡು ಲೆಕ್ಕವೂ ಹತ್ತಿರ ಹತ್ತಿರ ಬರಬೇಕು. ಪ್ಯಾಕಿಂಗ್ ದಪ್ಪವನ್ನೂ ಸೇರಿಸಿಕೊಳ್ಳಿ. 6 ಮಿ.ಮೀ. ಬೋಲ್ಟ್ ಅಲ್ಯೂಮಿನಿಯಂನಲ್ಲಿ 9ರಿಂದ 12 ಮಿ.ಮೀ. ಹಿಡಿದಿದ್ದರೆ ನಿಶ್ಚಿಂತೆ.

ಎಲ್ಲ ಬೋಲ್ಟ್ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಯಾವುದಾದರೂ ಒಂದು ಕೈಯಲ್ಲಿ ಹೋಗುತ್ತಿಲ್ಲ ಅಂದರೆ ಪಾನಾ ಹಾಕಿ ಬಲವಂತ ಮಾಡಬೇಡಿ, ಅಡ್ಡ ಹಿಡಿದಿದೆ ಅಂತ ಅರ್ಥ. ನಟ್ ಬಿಗಿಯುವ ಗನ್ ಅಂತೂ ಹತ್ತಿರ ತರಲೇಬಾರದು. ಇಂಥ ಬೋಲ್ಟ್‌ಗೆ ಸಾಮಾನ್ಯವಾಗಿ 4ರಿಂದ 10 ನ್ಯೂಟನ್ ಮೀಟರ್ ಒಳಗಿನ ಟಾರ್ಕ್. ಚಕ್ರದ ನಟ್‌ಗೆ 100 ದಾಟುತ್ತದೆ, ಹೋಲಿಸಿ ನೋಡಿ. ಪ್ಯಾನ್ ಜೊತೆ ಬಂದ ಕಾಗದದಲ್ಲಿ ಎಷ್ಟು ಅಂತ ಇದೆಯೋ ಅಷ್ಟೇ, ಸಣ್ಣ ಟಾರ್ಕ್ ರೆಂಚ್‌ನಲ್ಲಿ. ಮಧ್ಯದಿಂದ ಶುರುಮಾಡಿ ಎದುರುಬದುರಾಗಿ ಹೊರಗೆ ಬನ್ನಿ, ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಎರಡು ಸುತ್ತಿನಲ್ಲಿ ಮುಗಿಸಿ.

ಹೊಳಲ್ಕೆರೆ_ತೋಟ:

ಎಲ್ಲರಿಗೂ ತುಂಬಾ ಧನ್ಯವಾದ, ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಸ್ಕ್ಯಾನರ್ ತರಿಸಿ ಹಾಕಿದೆ. ಹೈವೇಯಲ್ಲಿ ಚೀಲ ತುಂಬಿಕೊಂಡು ದಾವಣಗೆರೆ ಕಡೆ ಹೋಗುವಾಗ 88ರಿಂದ 92. ತೋಟದಲ್ಲಿ ಟ್ಯಾಂಕ್ ಇಟ್ಟು ಮಾಮೂಲಿ ಟೂ ವೀಲ್‌ನಲ್ಲಿ ಓಡಿಸಿದಾಗ ಏರುತ್ತಾ ಏರುತ್ತಾ 114ಕ್ಕೆ ಹೋಯಿತು, ಆಗಲೇ ನಿಲ್ಲಿಸಿಬಿಟ್ಟೆ. ಮರುದಿನ ಅದೇ ಕೆಲಸ, ಅದೇ ಹೊತ್ತು, ಫೋರ್ ಲೋನಲ್ಲಿ 97 ದಾಟಲಿಲ್ಲ. ಕಣ್ಣಾರೆ ನೋಡಿದ ಮೇಲೆ ನೆಮ್ಮದಿ ಆಯಿತು. ಕೂಲರ್ ಮಧ್ಯೆ ಹೊಟ್ಟು ಇತ್ತು, ತೊಳೆಸಿದೆ.

ಎಣ್ಣೆ ಹೇಗೂ ಬದಲಿಸಬೇಕು, ಹಾಗಾಗಿ ಪ್ಯಾನ್ ಕೂಡ ಹಾಕಿಸಿಬಿಡುತ್ತೇನೆ. ಸ್ಕಿಡ್ ಪ್ಲೇಟ್ ಬಿಚ್ಚಿ ಹೊಸ ಪ್ಯಾನ್ ಕೆಳಗಿನಿಂದ ಹಿಡಿದು ಅಂದಾಜು ನೋಡಿದೆವು, ಬೆರಳಿಗಿಂತ ಹೆಚ್ಚೇ ಜಾಗ ಉಳಿಯುತ್ತದೆ. ಎರಡು ಪ್ರಶ್ನೆ ಉಳಿದಿವೆ. ಎಣ್ಣೆ ಎಷ್ಟು ಹಾಕಬೇಕು, ಲೆವೆಲ್ ಯಾವಾಗ ನೋಡಬೇಕು? ನಮ್ಮ ಮೇಸ್ತ್ರಿಯ ಹತ್ತಿರ ಲಿಫ್ಟ್ ಇಲ್ಲ, ಮುಂದಿನ ಚಕ್ರ ರ‍್ಯಾಂಪ್ ಮೇಲೆ ಹತ್ತಿಸಿ ಕೆಲಸ ಮಾಡುತ್ತಾರೆ, ನಡೆಯುತ್ತದಾ?

ಪಿಬಿ_ರೋಡ್_ಗ್ಯಾರೇಜ್:

ರ‍್ಯಾಂಪ್ ನಡೆಯುವುದಿಲ್ಲ. ಬಿಚ್ಚಲು, ಜೋಡಿಸಲು ಪರವಾಗಿಲ್ಲ. ಲೆವೆಲ್ ನೋಡುವಾಗ ಗಾಡಿ ನಾಲ್ಕೂ ಚಕ್ರದ ಮೇಲೆ ಸಮತಟ್ಟಾಗಿ ಇರಬೇಕು. ಮುಂಭಾಗ ಎತ್ತಿದ್ದರೆ ಎಣ್ಣೆ ಹಿಂದಕ್ಕೆ ಹೋಗಿ ಸುಳ್ಳು ಲೆವೆಲ್ ಬರುತ್ತದೆ. ಗುಂಡಿ ಇರುವ ಗ್ಯಾರೇಜ್ ಸಿಕ್ಕರೆ ಬಹಳ ಒಳ್ಳೆಯದು, ಲಾರಿ ಕೆಲಸ ಮಾಡುವ ಕಡೆ ಗುಂಡಿ ಇರುತ್ತದೆ, ಕೇಳಿ ನೋಡಿ.

ಎಣ್ಣೆ ಟೊಯೋಟಾದ ಡಬ್ಲ್ಯೂಎಸ್ (WS) ಅನ್ನುವ ಎಟಿಎಫ್ ಅಥವಾ ಡಬ್ಬಿಯ ಮೇಲೆ ಡಬ್ಲ್ಯೂಎಸ್‌ಗೆ ಸರಿಹೊಂದುತ್ತದೆ ಅಂತ ಸ್ಪಷ್ಟವಾಗಿ ಬರೆದಿರುವುದೇ ಆಗಬೇಕು. ಪವರ್ ಸ್ಟೇರಿಂಗ್‌ಗೆ ಹಾಕುವ ಕೆಂಪೆಣ್ಣೆ ನೋಡಲು ಹೀಗೇ ಇರುತ್ತದೆ, ಅದನ್ನು ಹಾಕಿಬಿಡುವವರಿದ್ದಾರೆ, ಮುಂದೆ ನಿಂತು ನೋಡಿಕೊಳ್ಳಿ. ಪ್ಯಾನ್ ಖಾಲಿ ಮಾಡಿದರೆ ಇಡೀ ಎಣ್ಣೆ ಬರುವುದಿಲ್ಲ, ಅರ್ಧಕ್ಕಿಂತ ಕಡಿಮೆ ಬರುತ್ತದೆ, ಉಳಿದದ್ದು ಕನ್ವರ್ಟರ್, ಕೂಲರ್ ಒಳಗೇ ಇರುತ್ತದೆ. ಹೊರಗೆ ಬಂದದ್ದನ್ನು ಅಳತೆ ಡಬ್ಬಿಗೆ ಸುರಿದು ನೋಡಿ. ಅಷ್ಟು ಹೊಸ ಎಣ್ಣೆ, ಅದರ ಮೇಲೆ ಹೊಸ ಪ್ಯಾನ್ ಹೆಚ್ಚಿಗೆ ಹಿಡಿಯುವಷ್ಟು, ಪಕ್ಕದ ಫಿಲ್ ಪ್ಲಗ್ ತೂತಿನಿಂದ ಕೈಪಂಪಿನಲ್ಲಿ ಹತ್ತಿಸಿ. ಬಿಚ್ಚುವ ಮೊದಲು ಒಂದು ಮಾತು, ಡ್ರೇನ್ ಪ್ಲಗ್ ತೆಗೆಯುವ ಮುಂಚೆ ಫಿಲ್ ಪ್ಲಗ್ ಬಿಚ್ಚಿಕೊಳ್ಳುತ್ತದಾ ನೋಡಿಕೊಳ್ಳಿ. ಎಣ್ಣೆ ಪೂರ್ತಿ ಇಳಿಸಿದ ಮೇಲೆ ಅದು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡು ಲಿವರ್ ಅನ್ನು ಪಿ, ಆರ್, ಎನ್, ಡಿ ಎಲ್ಲದಕ್ಕೂ ನಿಧಾನವಾಗಿ ತನ್ನಿ, ಮತ್ತೆ ಪಾರ್ಕಿಂಗ್‌ಗೆ. ಫೋನ್‌ನಲ್ಲಿ ಎಣ್ಣೆಯ ಶಾಖ ನೋಡುತ್ತಿರಿ. ಮ್ಯಾನುವಲ್‌ನಲ್ಲಿ ಕೊಟ್ಟಿರುವ ಶಾಖಕ್ಕೆ ಬಂದಾಗ, ಅದು ಸಾಮಾನ್ಯವಾಗಿ 40 ಡಿಗ್ರಿಯ ಆಸುಪಾಸು, ಎಂಜಿನ್ ಓಡುತ್ತಿರುವಾಗಲೇ ಓವರ್‌ಫ್ಲೋ ಪ್ಲಗ್ ಬಿಚ್ಚಿ. ಧಾರೆಯಾಗಿ ಬರುವುದು ನಿಂತು ತೊಟ್ಟಿಕ್ಕಲು ಶುರುವಾದಾಗ ಮುಚ್ಚಿ. ಏನೂ ಬರದಿದ್ದರೆ ಕಮ್ಮಿ ಇದೆ, ಇನ್ನಷ್ಟು ಹತ್ತಿಸಿ.

ಇದರಲ್ಲಿ ನಮ್ಮೂರಿನ ಬೇಸಿಗೆ ಒಂದು ತೊಡಕು. ಏಪ್ರಿಲ್ ಮಧ್ಯಾಹ್ನ ನೆರಳಲ್ಲೇ 38 ಡಿಗ್ರಿ ಇರುತ್ತದೆ, ಬಿಸಿಲಲ್ಲಿ ನಿಂತ ಗಾಡಿಯ ಎಣ್ಣೆ ಸ್ಟಾರ್ಟ್ ಮಾಡುವ ಮೊದಲೇ ಆ ಶಾಖಕ್ಕೆ ಬಂದಿರುತ್ತದೆ. ಪಂಪು ಹೊಡೆದು, ಗೇರ್ ಬದಲಿಸಿ, ಕೆಳಗೆ ಇಳಿಯುವಷ್ಟರಲ್ಲಿ ದಾಟಿಹೋಗುತ್ತದೆ. ಬಿಸಿಯಾದ ಎಣ್ಣೆ ಉಬ್ಬಿರುತ್ತದೆ. ಆಗ ಲೆವೆಲ್ ನೋಡಿದರೆ ಬೇಡದಷ್ಟು ಹೊರಗೆ ಹೋಗುತ್ತದೆ, ತಣ್ಣಗಾದ ಮೇಲೆ ಕಮ್ಮಿ ಬೀಳುತ್ತದೆ. ಹಾಗಾಗಿ ಹಿಂದಿನ ರಾತ್ರಿಯೇ ಗಾಡಿ ಗ್ಯಾರೇಜ್‌ನಲ್ಲಿ ನಿಲ್ಲಿಸಿ, ಬೆಳಿಗ್ಗೆ ಆರಕ್ಕೆ ಕೆಲಸ ಶುರುಮಾಡಿ. ಮೇಸ್ತ್ರಿಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ.

ದುರ್ಗದ_ಗಾಳಿ:

ಮುಗಿದ ಮೇಲೆ ಪ್ಯಾನ್ ಸುತ್ತ ಒರೆಸಿ ಒಣಗಿಸಿ, ಜೋಡಣೆ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಒಂದು ರೌಂಡ್ ಹೋಗಿಬನ್ನಿ. ಎಲ್ಲಿ ಜಿನುಗಿದರೂ ಬಿಳಿ ಪೌಡರ್ ಮೇಲೆ ಕೆಂಪು ಕಲೆ ಕಾಣುತ್ತದೆ. ಕಂಡರೆ ಬಿಗಿ ಮಾಡುತ್ತಾ ಹೋಗಬೇಡಿ, ಟಾರ್ಕ್ ಸರಿ ಇದೆಯಾ ಅಷ್ಟೇ ನೋಡಿ. ಸರಿ ಇದ್ದೂ ಜಿನುಗಿದರೆ ಪ್ಯಾಕಿಂಗ್ ಕೂತಿಲ್ಲ, ಬಿಚ್ಚಲೇಬೇಕು.

ಹೊಳಲ್ಕೆರೆ_ತೋಟ:

ಕೆಲಸ ಮುಗಿಯಿತು. ದಾವಣಗೆರೆಯಲ್ಲಿ ಗುಂಡಿ ಇರುವ ಗ್ಯಾರೇಜ್ ಸಿಕ್ಕಿತು, ನಮ್ಮ ಮೇಸ್ತ್ರಿಯನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ, ಅವರೇ ಕೈಯಾರೆ ಮಾಡಿದರು, ಅನಾಬಾಂಡ್ ಡಬ್ಬಿ ಹೊರಗೆ ಬರಲಿಲ್ಲ. ಓವರ್‌ಫ್ಲೋ ಕೊಳವೆ ಅಳೆದೆವು, ಪಟ್ಟಿಯಿಂದ ತುದಿಗೆ ಎರಡು ಪ್ಯಾನ್‌ಗೂ ಒಂದೇ ಅಳತೆ. ಮ್ಯಾಗ್ನೆಟ್ ಮೇಲೆ ಬೂದು ಕೆಸರು ಮಾತ್ರ ಇತ್ತು, ಚೂರು ಇರಲಿಲ್ಲ. ಎಣ್ಣೆ ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಒಂದು ಬೋಲ್ಟ್ ಕೈಯಲ್ಲಿ ಹೋಗಲಿಲ್ಲ, ಲೇತ್‌ನವರು ಹೇಳಿದ್ದು ನೆನಪಿಟ್ಟುಕೊಂಡು ತೆಗೆದು ನೋಡಿದರೆ ತೂತಿನಲ್ಲಿ ಕಸ ಇತ್ತು, ಒರೆಸಿದ ಮೇಲೆ ಸಲೀಸಾಗಿ ಕೂತಿತು.

ಹಳೆಯ ಎಣ್ಣೆ ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿದಿದೆಯಲ್ಲ, ಮತ್ತೆ ಯಾವಾಗ ಬದಲಿಸಲಿ?

ಪಿಬಿ_ರೋಡ್_ಗ್ಯಾರೇಜ್:

ಈ ನೀರಿನ ಸೀಸನ್ ಮುಗಿದ ಮೇಲೆ ಇನ್ನೊಂದು ಸಲ ಇಳಿಸಿ ಹಾಕಿ. ಈ ಸಲ ಪ್ಯಾನ್ ಬಿಚ್ಚುವ ಅಗತ್ಯ ಇಲ್ಲ, ಡ್ರೇನ್ ಪ್ಲಗ್ ಸಾಕು, ಪ್ಲಗ್‌ನ ವಾಷರ್ ಮಾತ್ರ ಹೊಸದು ಹಾಕಿಸಿ. ಲೆವೆಲ್ ಅದೇ ಕ್ರಮದಲ್ಲಿ, ಬೆಳಿಗ್ಗೆಯೇ.